ಒಂದೂವರೆ ಅಂಗುಲದ ಟೇಪು

ಮುಂಬಯಿ,
12 ನವೆಂಬರ್ 1989

ಪ್ರೀತಿಯ ಅವ್ವನಿಗೆ ನೀಲಾಳ ಶರಣು.

ಕಾಗದ ಓದಿ ನೀನು ಬೈದರೆ ಬೈಸಿಕೊಳ್ಳುತ್ತೇನೆ. ಅಪ್ಪನ ಭಜನೆಯ ಕ್ಯಾಸೆಟ್ಟನ್ನು ಎರ್ರಣ್ಣನ ಮಷಿನ್ ತಿನ್ನಲಿಲ್ಲ. ಬ್ಲೇಡಿನಿಂದ ಕೊಯ್ದವಳು ನಾನು.

ಇಲ್ಲಿ ಪ್ರಯೋಗಾಲಯದಲ್ಲಿ ನಾವು ಕಟ್ಟಿರುವ ಯಂತ್ರದ ಸೂಜಿಮೊನೆ ಕೂದಲಿನ ಸಾವಿರದಲ್ಲೊಂದು ಪಾಲು. ಅದಕ್ಕೆ ಅಯಸ್ಕಾಂತದ ತೆಳು ಲೇಪ. ಟೇಪಿಗೆ ತಾಕದೆ ಮೇಲೆಯೇ ಓಡಾಡಿ, ಎಲ್ಲೆಲ್ಲಿ ಎಷ್ಟು ಸೆಳೆತವಿದೆ ಎಂದು ಅಳೆಯುತ್ತದೆ. ಟೇಪಿನಲ್ಲಿ ದನಿ ಉಳಿಯುವುದೇ ಆ ಸೆಳೆತವಾಗಿ. ಪರೀಕ್ಷೆಗೆ ಯಾವ ಸಿನಿಮಾ ಹಾಡಿನ ಟೇಪಾದರೂ ನಡೆಯುತ್ತಿತ್ತು. ನನಗೆ ಮಾತ್ರ ತೀರಿಕೊಂಡ ಅಪ್ಪನ ದನಿಯನ್ನು ಕಣ್ಣಾರೆ ನೋಡುವ ಹುಚ್ಚು. ಯುಗಾದಿಗೆ ಬಂದಾಗ, ಇನ್ನೊಂದು ಪ್ರತಿ ಮಾಡಿಸಲೆಂದು ಕೌಲ್ ಬಜಾರಿನ ಎರ್ರಣ್ಣನ ರೇಡಿಯೊ ಅಂಗಡಿಗೆ ಕೊಡುವ ಮೊದಲು, ಎರಡನೇ ಬದಿಯ ಕೊನೆಯಲ್ಲಿ ಒಂದೂವರೆ ಅಂಗುಲ ಕತ್ತರಿಸಿಕೊಂಡೆ. ಅಲ್ಲಿದ್ದದ್ದು ಅಪ್ಪನ ಒಂದು ಕೆಮ್ಮು, ಅಷ್ಟೇ.

ಒಂದು ಬದಿಯ ಕೊನೆಯೆಂದರೆ ಇನ್ನೊಂದು ಬದಿಯ ಮೊದಲು. ಇದೇ ಕೆಲಸ ಮಾಡುವ ನನ್ನ ತಲೆಗೆ ಇಷ್ಟು ಹೊಳೆಯಬಾರದೇ! ಆ ಮೊದಲಲ್ಲೇ ಅಪ್ಪ, ರೆಕಾರ್ಡು ಇನ್ನೂ ಶುರುವಾಗಿಲ್ಲವೆಂದುಕೊಂಡು, "ಸುವರ್ಣಾ, ಬಾ ಕುಂದ್ರು" ಅಂದಿದ್ದರು. ಮೂವತ್ತು ವರ್ಷ ನಿನ್ನನ್ನು "ಏ, ಕೇಳಿಲ್ಲಿ" ಎಂದೇ ಕರೆದವರ ಬಾಯಲ್ಲಿ ನಿನ್ನ ಹೆಸರು ಬಂದದ್ದು ಅದೊಂದೇ ಸಲ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ನೀನು ಅದಷ್ಟನ್ನೇ ಹಚ್ಚಿ ಕೇಳಿ ಬಂದ್ ಮಾಡುತ್ತಿದ್ದೆ. ಅದು ಹೋಯಿತೆಂದು ಗೊತ್ತಾದ ದಿನ ನೀನು ಎರ್ರಣ್ಣನ ಅಂಗಡಿಯ ಮುಂದೆ ನಿಂತು ಕೂಗಾಡಿದೆ. ನಾನು ನಿನ್ನ ಪಕ್ಕದಲ್ಲೇ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ಆ ನಾಚಿಕೆ ಇನ್ನೂ ಸುಡುತ್ತಿದೆ, ಅವ್ವ.

ಯಂತ್ರ ತೆಗೆದ ಆ ತುಂಡಿನ ಚಿತ್ರವನ್ನು ಜೊತೆಗಿಟ್ಟಿದ್ದೇನೆ. ಇಳಕಲ್ ಸೀರೆಯ ಗೆರೆಗಳ ಹಾಗೆ ಕಪ್ಪು ಬಿಳುಪು ಪಟ್ಟಿಗಳು. ಇಡೀ ದಿನ ನೋಡುತ್ತ ಕೂತೆ. ಎಷ್ಟು ನೋಡಿದರೂ ಅಪ್ಪ ಮಾತಾಡಲಿಲ್ಲ. ಅತ್ತುಬಿಟ್ಟೆ.

ಸೂಜಿಯ ಅಯಸ್ಕಾಂತ ಜೋರಾದರೆ ತಾನು ಅಳೆಯುವುದನ್ನೇ ಕೆಡಿಸುತ್ತದೆ. ಅದಕ್ಕೇ ಲೇಪವನ್ನು ಆದಷ್ಟು ತೆಳುವಾಗಿ ಹಾಕಿದ್ದೆ. ನಿನ್ನ ಹೆಸರು ಹಾಗೇ ಇದೆ. ಆ ತುಂಡು ಈ ಕಾಗದದ ಮಡಿಕೆಯಲ್ಲಿದೆ, ಹುಷಾರಾಗಿ ಬಿಚ್ಚು. ನೀನೇ ಎರ್ರಣ್ಣನ ಹತ್ತಿರ ಒಯ್ದು ಅಂಟಿಸಿಕೊಂಡು ಬಾ. ಏಳು ತಿಂಗಳಿಂದ ಅವನ ಅಂಗಡಿ ಮೆಟ್ಟಿಲು ಹತ್ತದವಳು ನೀನು, ಗೊತ್ತು. ಆದರೂ ಹೋಗು.

ನಿನ್ನ
ನೀಲಾ

ತಾ.ಕ.: ಎರ್ರಣ್ಣನಿಗೆ ಅವತ್ತೇ ತಿಳಿದಿತ್ತು. ನಿನ್ನ ಬೈಗುಳವನ್ನೆಲ್ಲ ತಲೆತಗ್ಗಿಸಿ ಕೇಳಿದ. ನೀನು ಮುಂದೆ ನಡೆದ ಮೇಲೆ ನನ್ನನ್ನು ಕರೆದು ಮೆಲ್ಲಗೆ ಹೇಳಿದ: "ಇದು ಮಷಿನ್ ತಿಂದಿದ್ದಲ್ಲವ್ವಾ, ಬ್ಲೇಡ್ ತಾಗೇತಿ. ನಾ ಹೇಳಂಗಿಲ್ಲ. ಅಮ್ಮಾರಿಗೆ ನೀನ ಹೇಳು."