ಬದು ದಾಟಲು ಒಪ್ಪಿಗೆ

೨೪ ನವೆಂಬರ್ ೨೦೨೪, ಬೆಳಿಗ್ಗೆ ೭

ಶರಣವ್ವ ಶಾಂತಯ್ಯ ಹಿರೇಮಠ, ನಿವೃತ್ತ ಮುಖ್ಯಾಧ್ಯಾಪಕಿ, ಸೇವೆ ಮೂವತ್ತನಾಲ್ಕು ವರ್ಷ ಏಳು ತಿಂಗಳು. ಕರಡಿನ ಮೊದಲ ಸಾಲು ಇಷ್ಟು. ಪತ್ರ ಶಂಭುಲಿಂಗನಿಗೆ. ಶಿರಗುಪ್ಪಿಯಲ್ಲಿ ನನ್ನ ಬದುವಿಗೆ ಹತ್ತಿದ ಹೊಲ ಅವನದು. ದುರ್ಗದಬೈಲಿನಲ್ಲಿ ಕಾಳಿನ ವ್ಯಾಪಾರ. ನಿನ್ನೆ ಅವನ ಗೆಳೆಯರು ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಬೆನ್ನುಹತ್ತಿ ಜೀಪಿನಲ್ಲೇ ಬದು ದಾಟಿದರಂತೆ. ಕಡಲೆ ನೆಲಕಚ್ಚಿದೆ. ಕೇಳಲಿಲ್ಲ, ಹೇಳಲಿಲ್ಲ. ನೆರೆಯವರ ರೀತಿಯೇ ಇದು?

೧ ಡಿಸೆಂಬರ್

ಶಂಭುಲಿಂಗ ನವನಗರದ ಮನೆಗೇ ಬಂದ. ನನ್ನ ಹಳೆಯ ವಿದ್ಯಾರ್ಥಿ. ಕಾಲು ಮುಟ್ಟಿದ.

"ತಪ್ಪಾತ್ರಿ ಅಕ್ಕೋರ. ಚಿಗರಿ ಕಾಟ ಭಾಳ ಆಗೇತಿ, ಓಡಸಾಕ ಬಂದಿದ್ರು. ಇನ್ನ ನಿಮ್ಮನ್ನ ಕೇಳಿನ ಬದು ದಾಟತೇವಿ."

ಒಪ್ಪಿಗೆ ಪತ್ರ ಬರೆದುಕೊಂಡೇ ಬಂದಿದ್ದ. ನಾಲ್ಕು ಸಾಲಿನಲ್ಲಿ ಐದು ತಪ್ಪು. ತಿದ್ದಿ ಮತ್ತೆ ಬರೆಸಿದೆ. ನಾನೇ ಒಂದು ಷರತ್ತು ಸೇರಿಸಿದೆ — ಬೆಳೆ ತುಳಿಯದಂತೆ ನೋಡಲು ನನ್ನ ಹೊಲದ ಉಸ್ತುವಾರಿ ಲಕ್ಕಪ್ಪನು ಪ್ರತಿ ಸಲವೂ ಜೊತೆಯಲ್ಲಿರತಕ್ಕದ್ದು. ಸಹಿ ಹಾಕಿದೆ.

"ಸಾಲ್ಯಾಗ ಹಿಂಗ ಬರಸಿದ್ರ ನಾ ಪಾಸಾಗ್ತಿದ್ನೆಲ್ರಿ!" ನಕ್ಕ. ನಾನೂ ನಕ್ಕೆ.

೩ ಡಿಸೆಂಬರ್

ಹೊಲಕ್ಕೆ ಹೋಗಿದ್ದೆ. ಲಕ್ಕಪ್ಪನಿಗೆ ಷರತ್ತು ಓದಿ ಹೇಳಿದೆ. ತಲೆ ಕೆರೆದುಕೊಂಡ.

"ಜೀಪಿನ್ಯಾಗ ಬಂದೂಕ ಐತ್ರಿ, ಅಕ್ಕೋರ."

"ನೀ ನಮ್ಮ ಕಡ್ಲಿ ನೋಡ್ಕೋ. ಉಳದದ್ದು ಅವರದು."

೯ ಡಿಸೆಂಬರ್, ಮಧ್ಯಾಹ್ನ ೨

ಲಕ್ಕಪ್ಪನ ಹೆಂಡತಿ ದೇವಕ್ಕನ ಫೋನು. ಫಾರೆಸ್ಟಿನವರು ಅವನನ್ನು ಹಿಡಿದೊಯ್ದರು. ನಿನ್ನೆ ಜೀಪಿನವರು ಹೊಡೆದ ಚಿಗರಿ ಬಿದ್ದದ್ದು ನನ್ನ ಹೊಲದಲ್ಲಿ. ಯಾರ ಹೊಲದಲ್ಲಿ ಬೇಟೆ ಬೀಳುವುದೋ ಅವರಿಗೊಂದು ತೊಡೆ — ಬೇಟೆಯವರ ಮರ್ಯಾದೆಯಂತೆ. "ಅಕ್ಕೋರಿಗೆ ನಡಿಯೂದಿಲ್ಲ, ನಿನ್ನ ಕಡೆ ಇರ್ಲಿ" ಎಂದು ಲಕ್ಕಪ್ಪನ ಗುಡಿಸಲಿನಲ್ಲಿ ಇಟ್ಟು ಹೋದರು. ಫಾರೆಸ್ಟಿನವರಿಗೆ ಅಲ್ಲೇ ಸಿಕ್ಕಿತು. ಜೀಪು ಸಿಗಲಿಲ್ಲ.

"ಅಂವ ಒಲ್ಲೆ ಅಂದ್ನರಿ. ಅಕ್ಕೋರು ಜೋಡಿ ಇರು ಅಂದಾರಂತ ಹೋದ..."

೧೨ ಡಿಸೆಂಬರ್

ದುರ್ಗದಬೈಲ್. ಶಂಭುಲಿಂಗ ಗಾದಿ ಬಿಟ್ಟು ಏಳಲಿಲ್ಲ.

"ನಾ ಅವತ್ತ ಊರಾಗ ಇರಲಿಲ್ರಿ. ಹೊಲ ನಿಮ್ದು, ಆಳು ನಿಮ್ದು, ಸಹಿ ನಿಮ್ದು. ಆ ಕಾಗದ ಫಾರೆಸ್ಟ್ ಸಾಹೇಬರಿಗೆ ಕೊಟ್ಟೇನಿ. ಭಾಳ ಛಲೋ ಬರದಾರ ಅಂದ್ರು."

ಅಂಗಡಿಯ ಆಳುಗಳೂ ಕೇಳಿಸಿಕೊಂಡರು. ಮೆಟ್ಟಿಲು ಇಳಿದು ಬಂದೆ.

೨೭ ಡಿಸೆಂಬರ್

ಬೇಲ್ ಸಿಗಲಿಲ್ಲ. ವಕೀಲೆ ಆರತಿ ಮರೆಮಾಚದೆ ಹೇಳಿದಳು: "ಅಂವ ಬೇಟೆಗಾರರ ಜೋಡಿ ಇದ್ದ ಅನ್ನೂದಕ್ಕ ನಿಮ್ಮ ಷರತ್ತ ಸಾಕ್ಷಿ ಆಗೇತ್ರಿ. ನಾನೇ ಕಳಿಸಿದೆ ಅಂತ ಬರದು ಕೊಟ್ರ ಕೇಸು ನಿಮ್ಮ ಮ್ಯಾಲೂ ಬರ್ತದ. ಅಂವ ಹೊರಗ ಬರ್ತಾನ ಅನ್ನೂ ಖಾತ್ರಿ ಇಲ್ಲ."

ಒಂದು ವಾರ ಯೋಚಿಸುವೆನೆಂದೆ. ಅವನು ಒಳಗಿರುವಾಗ, ನಾನು, ಯೋಚಿಸುವೆನೆಂದೆ.

೨೧ ಜನವರಿ ೨೦೨೫

ಎರಡನೆಯ ಅರ್ಜಿಯೂ ವಜಾ. ದೇವಕ್ಕ ಬಂದಿದ್ದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಬಾಗಿಲ ಹೊರಗೇ ನಿಂತು ಹೇಳಿದಳು:

"ಕೈ ಮುಗೀತೇನ್ರಿ ಅಕ್ಕೋರ. ಇನ್ನ ಏನೂ ಬರೀಬ್ಯಾಡ್ರಿ."

೨೨ ಜನವರಿ, ಬೆಳಿಗ್ಗೆ ೬

ಆದರೂ ಬರೆದೆ. ಅರಣ್ಯಾಧಿಕಾರಿಗಳಿಗೆ. ಬಂದೂಕು ಇದೆಯೆಂದು ತಿಳಿದೂ ಕಳಿಸಿದವಳು ನಾನು. ಲಕ್ಕಪ್ಪನು ನನ್ನ ಮಾತು ಮೀರದೆ ಹೋದನು. ತಡವಾಯಿತು. ಇದರಿಂದ ಅವನು ಬರುತ್ತಾನೆಂಬ ನಂಬಿಕೆ ನನಗೂ ಇಲ್ಲ.

ಲಗತ್ತುಗಳು:
೧. ಹೊಲದ ಉತಾರ (ಪಹಣಿ)
೨. ನನ್ನ ಗುರುತಿನ ಚೀಟಿಯ ನಕಲು
೩. ಬಂದೂಕಿನ ವಿಷಯ ಲಕ್ಕಪ್ಪ ಮೊದಲೇ ಹೇಳಿದ್ದಕ್ಕೂ, ನಾನು ಕಿವಿಗೆ ಹಾಕಿಕೊಳ್ಳದಿದ್ದುದಕ್ಕೂ ಸಾಕ್ಷಿಯಾಗಿ — ಈ ದಿನಚರಿಯ ೩ ಡಿಸೆಂಬರ್ ಪುಟ