ಫಾತು ಅಮ್ಮನ ಮಾತು, ನನ್ನ ಬಾಯಿ

ಜನವರಿ 22, ಗುರುವಾರ. ಬೆಳಗ್ಗೆ 6.30

ಉಪ್ಪುನೀರು ಮುಕ್ಕಳಿಸಿ ಆಯ್ತು. ಮೆಣಸುಕಾಳು ಎರಡು ಅಗಿದೆ. ಮಹಡಿ ಹತ್ತಿ ರಾಜಪಾರ್ಟಿನ ಹಳೇ ಮಾತು ಒಂದು ಸುತ್ತು ಒದರಿದೆ. ಪಕ್ಕದ ಮನೆ ನಾಯಿ ಬೊಗಳಲಿಲ್ಲ. ಒಗ್ಗಿಕೊಂಡಿದೆ… ಅಥವಾ ನನ್ನ ಧ್ವನಿ ಬಿದ್ದಿದೆ. ಅರವತ್ತೇಳು ವಯಸ್ಸು, ಸಣ್ಣದಲ್ಲ.

ಸಿರುಗುಪ್ಪದಿಂದ ವಿರೂಪಾಕ್ಷಿ ಸಾಹುಕಾರರ ಫೋನು. ಇಪ್ಪತ್ತಾರಕ್ಕೆ ಅವರ ರೈಸ್ ಮಿಲ್ಲಿನಲ್ಲಿ ಧ್ವಜಾರೋಹಣ. ಆಫ್ರಿಕಾದ ಗ್ಯಾಂಬಿಯಾದಿಂದ ಒಬ್ಬ ಹೆಣ್ಣುಮಗಳು ಬರುತ್ತಾರಂತೆ. ಈ ಮಿಲ್ಲಿನ ನುಚ್ಚಕ್ಕಿ ಅವರ ಊರಿನ ಸಂತೆಯಲ್ಲಿ ಮಾರಾಟ ಆಗುತ್ತದೆ. "ಮಾಸ್ತರ, ಆಕಿ ಇಂಗ್ಲೀಷಿನ್ಯಾಗ ಮಾತಾಡ್ತಾಳ. ನೀವು ಕನ್ನಡದಾಗ ಹೇಳ್ಬೇಕು. ನಿಮ್ಮ ಗಂಟ್ಲಿದ್ರ ಮೈಕ್ ಬಾಡಿಗಿ ಉಳೀತೈತಿ."

ಕುರುಗೋಡಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಮಾಸ್ತರಿಕೆ. ನಲವತ್ತು ವರ್ಷ ನಾಟಕ. ನಾನಲ್ಲದೆ ಇನ್ಯಾರು? ಒಪ್ಪಿದೆ.

ಜನವರಿ 24, ಶನಿವಾರ

ಆಕೆಯ ಮಾತಿಗೆ ಮುಂಚೆ ನನ್ನದೊಂದು ಪೀಠಿಕೆ ಇರಲಿ ಅಂತ ತಯಾರಿ. ಕನ್ನಡಿ ಮುಂದೆ ನಿಂತು—ಇಪ್ಪತ್ತೆಂಟು ರಾಜ್ಯ, ಒಂದೇ ಉಸಿರು, ಹಸಿದ ಲೋಕಕ್ಕೆ ಅನ್ನ ನೀಡಿದ ತಾಯಿ ಈ ಭಾರತ…

ಒಳಗಿನಿಂದ ಸಾವಂತ್ರಮ್ಮ: "ಅನ್ನ ನೀಡೋ ತಾಯಿ ಅರ್ಧ ತಾಸಿನಿಂದ ಕರಿಯಾಕತ್ಯಾಳ. ಬರ್ರಿ, ಆರಿ ಹೊಂಟೈತಿ."

ನಲವತ್ತೊಂದು ವರ್ಷ ಸಂಸಾರ. ಒಂದು ದಿನವೂ ನನ್ನ ಡೈಲಾಗು ಪೂರ್ತಿ ಕೇಳಿಲ್ಲ ಈಕೆ.

ಊಟ ಆದಮೇಲೆ ಮೊಬೈಲಿನಲ್ಲಿ ಗ್ಯಾಂಬಿಯಾ ಹುಡುಕಿದೆ. ಒಂದು ನದಿ, ಅದರ ಎರಡು ದಂಡೆ. ಅಷ್ಟೇ ದೇಶ. ಮ್ಯಾಪಿನಲ್ಲಿ ಬೆರಳಿಟ್ಟರೆ ಮುಚ್ಚಿಹೋಗುತ್ತದೆ. ನಕ್ಕೆ.

ಜನವರಿ 26, ಸೋಮವಾರ

ಮಿಲ್ಲಿಗೆ ಹೋಗಿ ಬಂದೆ. ಬರೆಯಲಾರೆ.

ಜನವರಿ 28, ಬುಧವಾರ. ಮಧ್ಯಾಹ್ನ

ಬರೆಯದಿದ್ದರೆ ಊಟ ಸೇರುವುದಿಲ್ಲ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಇನ್ನೂರು ಜನ. ಹಮಾಲರು, ಮಿಲ್ಲಿನ ಹೆಂಗಸರು, ಸಾಲಿ ಮಕ್ಕಳು, ಮುಂದಿನ ಕುರ್ಚಿಗಳಲ್ಲಿ ಲೀಡರುಗಳು. ನನ್ನ ಪೀಠಿಕೆಗೇ ಸಿಳ್ಳೆ ಬಿತ್ತು. ಆಮೇಲೆ ಆಕೆ ಎದ್ದರು. ಹೆಸರು ಫಾತು. ಐವತ್ತೈದು ಇರಬಹುದು. ಎತ್ತರದ ಹೆಂಗಸು, ಹಳದಿ ನಿಲುವಂಗಿ, ತಲೆಗೆ ಅದೇ ಬಟ್ಟೆಯ ಸುತ್ತು. ಅಕ್ಕಿ ಮಾರುವ ಹೆಂಗಸರ ಸಂಘದ ಅಧ್ಯಕ್ಷೆ. ಕೈಯಲ್ಲಿ ಕಾಗದ ಇಲ್ಲ. ಒಂದೊಂದು ಸಾಲು ಹೇಳಿ ನನಗಾಗಿ ನಿಲ್ಲುತ್ತಿದ್ದರು. ನಮಸ್ಕಾರ—ಹೇಳಿದೆ. ನಿಮ್ಮ ನುಚ್ಚು ನಮಗೆ ಮೂರು ಹೊತ್ತಿನ ಊಟ—ಹೇಳಿದೆ. ಚಪ್ಪಾಳೆ.

ಆಮೇಲೆ ಒಂದೇ ಉಸಿರಿಗೆ ಇಷ್ಟು ಹೇಳಿದರು:

"ಮೂರು ವರ್ಷದ ಹಿಂದೆ ನಿಮ್ಮ ಸರ್ಕಾರ ನುಚ್ಚು ಹೊರದೇಶಕ್ಕೆ ಹೋಗದಂತೆ ನಿಲ್ಲಿಸಿತು. ನಿಮಗೆ ಅದು ಪೇಪರಿನ ಒಳಪುಟದ ಸುದ್ದಿ ಆಗಿದ್ದಿರಬೇಕು. ನನ್ನ ತಂಗಿಗೆ ಐದು ಮಕ್ಕಳು. ದಿನಕ್ಕೆ ಒಂದೇ ಹೊತ್ತು ಒಲೆ ಹಚ್ಚಿದಳು. ಬಾಗಿಲು ನಿಮ್ಮದು, ಮುಚ್ಚಬಹುದು. ಆದರೆ ಆಚೆ ಯಾರು ನಿಂತಿದ್ದಾರೆ ಅಂತ ಒಮ್ಮೆ ನೋಡಿ ಮುಚ್ಚಿ. ನಾನು ಬಂದದ್ದು ಇದನ್ನು ಹೇಳುವುದಕ್ಕೆ."

ನಿಲ್ಲಿಸಿ ನನ್ನ ಮುಖ ನೋಡಿದರು. ಇನ್ನೂರು ಜನರೂ ನನ್ನ ಮುಖವನ್ನೇ.

ನನಗೆ ನಾಟಕ ಕಲಿಸಿದ ಜಡೆಪ್ಪ ಮಾಸ್ತರು ಹೇಳುತ್ತಿದ್ದರು—"ಎದುರಿನವ ತಪ್ಪು ಮಾತಾಡಿದ್ರ ನೀ ಎತ್ಕೊಂಡು ಮುಚ್ಚಬೇಕು ಲೇ. ಸೀನು ಬೀಳಬಾರದು." ಕುರುಗೋಡಿನಲ್ಲಿ ಒಮ್ಮೆ ರಾಣಿ ಪಾತ್ರದವನು ಮಾತು ಮರೆತು "ಹಸಿವಾಗೈತಿ" ಅಂದುಬಿಟ್ಟ. ನಿಜವಾಗಿಯೂ ಹಸಿದಿದ್ದ, ಪಾಪ. ನಾನು ಗದೆ ಎತ್ತಿ—"ಯುದ್ಧದ ಹಸಿವೇ, ದೇವಿ?" ಟೆಂಟು ಹಾರಿಹೋಗುವಷ್ಟು ಚಪ್ಪಾಳೆ. ಆ ಕಥೆಯನ್ನು ಎಷ್ಟು ಮದುವೆಗಳಲ್ಲಿ ಹೇಳಿ ನಗಿಸಿಲ್ಲ ನಾನು.

ಮೊನ್ನೆಯೂ ಅದೇ ಮಾಡಿದೆ. ಎದೆ ಉಬ್ಬಿಸಿ, ಕೈ ಎತ್ತಿ—"ಈ ತಾಯಿ ಹೇಳುತ್ತಿದ್ದಾಳೆ, ಭಾರತ ಇಲ್ಲದಿದ್ದರೆ ನಮ್ಮ ಒಲೆ ಉರಿಯದು. ಈ ದೊಡ್ಡ ದೇಶದ ದೊಡ್ಡ ಮನಸ್ಸಿಗೆ ನಾವು ಏಳೇಳು ಜನ್ಮಕ್ಕೂ ಋಣಿ."

ಸಿಳ್ಳೆ. ಜೈಕಾರ. ಸಾಹುಕಾರರು ಎದ್ದು ನಿಂತರು.

ಫಾತು ಅಮ್ಮನ ಕಣ್ಣು ತುಂಬಿತ್ತು. ಚಪ್ಪಾಳೆ ತನ್ನ ಮಾತಿಗೆ ಅಂತ ತಿಳಿದರು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು—ನನ್ನ ಮಾತು ಮುಟ್ಟಿಸಿದಿರಿ, ಥ್ಯಾಂಕ್ಯೂ ಮಾಸ್ಟರ್, ಅಂದರು.

ಆ ಕೈ ಇನ್ನೂ ಬಿಸಿ ಇದೆ.

ಜನವರಿ 29

ನಿನ್ನೆ ಒಂದು ಬಿಟ್ಟೆ. ಬೇಕಂತಲೇ ಬಿಟ್ಟೆ.

ಅವತ್ತು ಗೇಟಿನ ಹತ್ತಿರ ಹಂಪಮ್ಮ ಅಡ್ಡ ನಿಂತಳು. ಮಿಲ್ಲಿನಲ್ಲಿ ನುಚ್ಚು ಜರಡಿ ಹಿಡಿಯುವಾಕೆ.

"ಮಾಸ್ತರ, ಆಕಿ ಖರೇ ಏನಂದ್ಲು?"

"ಹೇಳಿದ್ನಲ್ಲವ್ವಾ."

"ನಮಗ ಇಂಗ್ಲೀಷ್ ಬರಂಗಿಲ್ಲ, ಕಣ್ಣು ಅದಾವ. ಹೊಗಳೋರು ಬೆರಳು ಮಡಚಿ ಮಡಚಿ ಎಣಸ್ತಾರೇನ್ರಿ? ಐದು ಮಡಚಿದ್ಲು. ಬಾಯಿಗೆ ಕೈ ಒಯ್ದು ತೋರಿಸಿದ್ಲು. ಅದು ಮಕ್ಕಳ ಮಾತು, ಕೂಳಿನ ಮಾತು."

"ನಿಮ್ಮ ನುಚ್ಚು ಚಲೋ ಐತಿ ಅಂದ್ಲು."

ನಂಬಲಿಲ್ಲ. "ಎರಡೂವರಿ ವರ್ಷ ರಫ್ತು ಬಂದ್ ಆಗಿತ್ತು. ಗೋಡೌನ್ ತುಂಬಾ ನುಚ್ಚಿನ ಮೂಟಿ, ನುಸಿ ಹತ್ತಿದ್ವು. ಕೋಳಿ ಫೀಡಿನ ಲಾರಿಗೆ ನಾವೇ ತುಂಬಿಸೀವಿ. ಆ ಸುದ್ದಿ ಏನರ ಅಂದ್ಲಾ ಅಂತ ಕೇಳಿದ್ನಿ. ಹೋಗ್ಲಿ ಬಿಡ್ರಿ. ನನ್ನ ಮಗಳು ಶಾಂಭವಿ ಪಿಯುಸಿ ಓದ್ತಾಳ, ಆಕಿ ಇದ್ದಿದ್ರ ತಿಳೀತಿತ್ತು."

ಬಸ್ಸಿಗೆ ಹೊತ್ತಾಯ್ತು ಅಂತ ಓಡಿದೆ. ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿತ್ತು.

ಫೆಬ್ರವರಿ 3, ಮಂಗಳವಾರ

ಫಾತು ಅಮ್ಮನ ವಾಟ್ಸಾಪ್. ಊರು ಸೇರಿದ್ದಾರೆ. ಸಾಹುಕಾರರು ಅವತ್ತಿನ ಭಾಷಣದ ವಿಡಿಯೋ ಕಳಿಸಿದ್ದಾರಂತೆ. ಶುಕ್ರವಾರ ಸಂಘದ ಹೆಂಗಸರಿಗೆಲ್ಲ ತೋರಿಸುತ್ತಾರಂತೆ. ನಾನು ಕನ್ನಡದಲ್ಲಿ ಆಡಿದ ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕಂತೆ. "ಮುಖ್ಯವಾಗಿ, ಜನ ಎದ್ದು ಚಪ್ಪಾಳೆ ತಟ್ಟಿದ ಸಾಲು. ನನ್ನ ತಂಗಿಗೆ ಅದನ್ನು ಕೇಳಿಸಬೇಕು."

ಸಾಹುಕಾರರಿಗೆ ಫೋನ್ ಮಾಡಿ, ನಾನು ಮಾತು ತಿರುಚಿದ್ದನ್ನು ಹೇಳಿದೆ. ನಕ್ಕರು. "ಆಕಿ ಅಂದಿದ್ದನ್ನೇ ತಿರಗಿ ಬರದು ಒಗಿರಿ. ಅಲ್ಲಿ ಕನ್ನಡ ಬರೋರು ಯಾರದಾರ?"

ನಿಜ. ಯಾರಿಗೂ ತಿಳಿಯುವುದಿಲ್ಲ. ಬರೆಯಲು ಕೂತೆ. ಸಾವಂತ್ರಮ್ಮನಿಗೆ ಎಲ್ಲ ಹೇಳಿದೆ. ಈ ಸಲ ಪೂರ್ತಿ ಕೇಳಿದಳು.

"ಎರಡನೇ ಸಲ ಮುಚ್ಚಾಕ ಹೊಂಟೀರೇನ್ರಿ?"

ಪೆನ್ನಿಟ್ಟೆ.

ಇಷ್ಟು ವರ್ಷ ವೇದಿಕೆ ಮೇಲೆ ದೇಶದ ಗುಣ ಹಾಡಿದ್ದೇನೆ. ನಮ್ಮ ಧ್ವನಿ ಜಗತ್ತಿಗೆ ಮುಟ್ಟಬೇಕು ಅಂದಿದ್ದೇನೆ. ಮುಟ್ಟಿತ್ತಲ್ಲ. ರಫ್ತು ಬಂದ್ ಮಾಡಿದಾಗ ಆ ತಂಗಿಯ ಒಲೆಯವರೆಗೂ ಮುಟ್ಟಿತ್ತು. ಅಲ್ಲಿಂದ ಒಂದು ಧ್ವನಿ ಇಲ್ಲಿಗೆ ಬಂತು. ನನ್ನ ಗಂಟಲಲ್ಲಿ ಸತ್ತಿತು.

ಫೆಬ್ರವರಿ 5, ಗುರುವಾರ. ಬೆಳಗ್ಗೆ 8

ಕಳಿಸಿದೆ. ನಾನು ಆಡಿದ್ದನ್ನೇ, ಸಾಲು ಸಾಲಾಗಿ. ಏಳೇಳು ಜನ್ಮವನ್ನೂ ಬಿಡಲಿಲ್ಲ. ಕೊನೆಗೆ—ಅಮ್ಮಾ, ಚಪ್ಪಾಳೆ ನಿಮ್ಮ ಮಾತಿಗೆ ಬಿದ್ದದ್ದಲ್ಲ, ನನ್ನ ಸುಳ್ಳಿಗೆ. ನಿಮ್ಮ ಮಾತು ಅಲ್ಲಿ ಯಾರಿಗೂ ಮುಟ್ಟಿಲ್ಲ.

ಅದೇ ದಿನ, ಮಧ್ಯಾಹ್ನ 3

ವಾಯ್ಸ್ ಮೆಸೇಜು. ಹಿಂದೆ ಸಂತೆಯ ಗದ್ದಲ. ಬೈಗುಳ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮಾಸ್ಟರ್, ವಿಡಿಯೋ ತೋರಿಸುತ್ತೇನೆ. ನೀವು ಬರೆದದ್ದನ್ನೂ ಓದುತ್ತೇನೆ. ನಮ್ಮವರಿಗೆ ತಿಳಿಯಲಿ. ನಾಳೆ ನಿಮ್ಮ ಮಧ್ಯಾಹ್ನ ಎರಡಕ್ಕೆ ಮಿಲ್ಲಿನ ಹೆಂಗಸರಿಗೆ ಫೋನಿನಲ್ಲಿ ಅದೇ ಮಾತು ಮತ್ತೆ ಹೇಳುತ್ತೇನೆ. ನೀವು ಹೇಳುವುದು ಬೇಡ. ಬೇರೆ ಯಾರನ್ನಾದರೂ ಹುಡುಕಿ."

ಮೂರು ಸಲ ಕೇಳಿದೆ. ಹಂಪಮ್ಮನಿಗೆ ಫೋನ್ ಮಾಡಿ, ಅವತ್ತು ಸುಳ್ಳು ಹೇಳಿದೆ, ನಾಳೆ ಕನ್ನಡದಲ್ಲಿ ಹೇಳಲು ನಿನ್ನ ಮಗಳು ಬೇಕು ಅಂದೆ. ಶಾಂಭವಿ ಒಪ್ಪಿದಳು.

ಫೆಬ್ರವರಿ 6, ಶುಕ್ರವಾರ. ಬೆಳಗ್ಗೆ 6.30

ಉಪ್ಪುನೀರು ಮುಕ್ಕಳಿಸಲಿಲ್ಲ. ಇವತ್ತು ಗಂಟಲಿಗೆ ಕೆಲಸವಿಲ್ಲ. ಸಿರುಗುಪ್ಪದ ಬಸ್ಸು ಹನ್ನೊಂದಕ್ಕೆ. ಫೋನ್ ಹಿಡಿದುಕೊಳ್ಳುವುದಷ್ಟೇ ನನ್ನ ಪಾತ್ರ. ಆ ಹುಡುಗಿ ಹೇಳುತ್ತಾಳೆ. ಹಂಪಮ್ಮ ನನ್ನ ಮುಖ ನೋಡುತ್ತಾಳೆ. ನಾನು ಆಗ ಕಣ್ಣು ತಪ್ಪಿಸುವುದಿಲ್ಲ.