ಚಳಿಸೋಫಿಯಾಗೆ ಮೊದಲೇ ನೆಟ್ಟ ಟೊಮೆಟೊ

ವಿಲ್ಕೊವೊ, ಸುವಾವ್ಕಿ ಸೀಮೆ
ಮೇ ೧೨

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ನಾರ್ವೆಯ ಆ ಮೀನಿನ ಕಾರ್ಖಾನೆಯಲ್ಲಿ ಬೆರಳು ಮರಗಟ್ಟುವುದು ಕಡಿಮೆಯಾಯಿತೆ? ರಬ್ಬರಿನ ಕೈಗವಸಿನೊಳಗೆ ಉಣ್ಣೆಯದನ್ನೂ ಹಾಕಿಕೋ. ನಾನು ಚೆನ್ನಾಗಿದ್ದೇನೆ. ಶಾಲೆಗೆ ಮರಳಲಿಲ್ಲ, ಮರಳುವುದೂ ಇಲ್ಲ; ಅದೊಂದನ್ನು ಮತ್ತೆ ಕೇಳಬೇಡ.

ತೋಟದ ಸುದ್ದಿ ಬರೆಯಬೇಕು. ಅಜ್ಜ ಊರಿಗೆಲ್ಲ ಹೇಳುತ್ತಿದ್ದ ಮಾತು ನಿನಗೆ ಗೊತ್ತೇ ಇದೆ: ಮೇ ತಿಂಗಳ ನಡುವೆ ಕೊನೆಯ ಹಿಮ ತರುವ ಮೂವರು ಹಿಮಸಂತರ ದಿನಗಳು ಕಳೆದು, ಹದಿನೈದಕ್ಕೆ ಚಳಿಸೋಫಿಯಾಳ ಹಬ್ಬವೂ ದಾಟುವವರೆಗೆ ಟೊಮೆಟೊ ಸಸಿ ಕಿಟಕಿ ಬಿಟ್ಟು ಇಳಿಯಕೂಡದು. ಬೇಸಿಗೆ ಚಿಕ್ಕದೆಂದು ಅವಸರಪಟ್ಟವರನ್ನು ಬೇಲಿಯಾಚೆಯಿಂದಲೇ ಛೇಡಿಸುತ್ತಿದ್ದರು. ಕಳೆದ ವಾರ ಅವರೇ ಸಸಿಗಳನ್ನೆಲ್ಲ ಹೊರಗೆ ತಂದು ನೆಟ್ಟರು. ಸೋಫಿಯಾ ಇನ್ನೂ ಬಂದಿಲ್ಲವೆಂದೆ. “ಅವಳು ಬಂದು ಹೋಗಿ ಎಷ್ಟು ದಿನ ಆಯ್ತೋ, ಕತ್ತೆ. ಚರ್ಚಿಗೆ ಹೋಗೋರಿಗೆ ಗೊತ್ತಿರತ್ತೆ,” ಎಂದು ನಕ್ಕರು. ಒಂದು ಕ್ಷಣ ನಾನೇ ತಪ್ಪಿದೆನೇನೋ ಅನ್ನಿಸಿತು.

ನಿನ್ನೆ ಬೆಳಗ್ಗೆ ಇಬ್ಬನಿಯೆಲ್ಲ ಹೆಪ್ಪುಗಟ್ಟಿತ್ತು. ಬಿಸಿಲೇರುವಷ್ಟರಲ್ಲಿ ಸಸಿಗಳು ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದವು. ಅಜ್ಜ ಸಾಲಿನ ತುದಿಯಲ್ಲಿ ನಿಂತು, “ಯಾವ ಮುಟ್ಠಾಳ ಇಷ್ಟು ಬೇಗ ನೆಟ್ಟಿದ್ದು?” ಎಂದು ಕೇಳಿದರು. ತಮಾಷೆಗಲ್ಲ. “ನೀವೇ, ಅಜ್ಜ,” ಎಂದೆ. ನನ್ನ ಮುಖ ನೋಡಿದರು, ತಮ್ಮ ಕೈ ನೋಡಿಕೊಂಡರು, ಆಮೇಲೆ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತುಬಿಟ್ಟರು. ಬೊಜೆನಾ ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಎಳೆದೊಯ್ದು, “ನಾನೇ ನೆಟ್ಟೆ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?” ಎಂದು ಬೈದಳು. ಏನೂ ಹೋಗುತ್ತಿರಲಿಲ್ಲ. ಆದರೆ ಇವತ್ತು ಸಸಿ, ನಾಳೆ ಒಲೆ, ನಾಡಿದ್ದು ಇನ್ನೇನೋ. ಎಷ್ಟನ್ನು ನನ್ನ ತಲೆಗೆ ಕಟ್ಟಿಕೊಳ್ಳಲಿ? ಸಂಜೆ ಅಜ್ಜನಿಗೆ ಹುಳಿಸೊಪ್ಪಿನ ಸಾರು ಕೊಟ್ಟೆ. ಕುಡಿದು ಬಟ್ಟಲು ತೊಳೆದಿಟ್ಟರು.

ಇದನ್ನು ನಿನಗೆ ತಿಳಿಸಬಾರದೆಂದು ಚಿಕ್ಕಮ್ಮ ನನ್ನಿಂದ ಆಣೆ ಹಾಕಿಸಲು ನೋಡಿದಳು. ಹೇಗಿದ್ದರೂ ಸೆಪ್ಟೆಂಬರಿಗೆ ನೀನು ಬರುತ್ತೀಯ, ಆಗ ಕಣ್ಣಾರೆ ನೋಡಲಿ ಎನ್ನುತ್ತಾಳೆ. ಅವಳು ಕೆಟ್ಟವಳಲ್ಲ, ಹೆದರಿದ್ದಾಳೆ. ನಾನು ಆಣೆ ಹಾಕಲಿಲ್ಲ.

ಅಲ್ಲಿನ ನಿನ್ನ ಗೆಳತಿಯರಿಗೆಲ್ಲ ನನ್ನ ನಮಸ್ಕಾರ. ಮೇರಿಮಾತೆ ನಿನ್ನನ್ನು ಕಾಯಲಿ.

ನಿನ್ನ ಮಗ,
ಹುಬೆರ್ಟ್

ತಾ.ಕ.: ಬರೆಯಲೋ ಬೇಡವೋ ಎಂದು ಕೊನೆಗುಳಿಸಿದ್ದೆ. ಭಾನುವಾರ ಫೋನಿನಲ್ಲಿ ಅಜ್ಜ ಎಷ್ಟು ಚೆನ್ನಾಗಿ ಮಾತಾಡಿದರೆಂದು ಸಂತೋಷಪಟ್ಟೆಯಲ್ಲ, ಚಿಕ್ಕಮ್ಮ ಪಕ್ಕದಲ್ಲಿ ಕುಳಿತು ಒಂದೊಂದು ಉತ್ತರವನ್ನೂ ಅವರ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು. ಫೋನ್ ಇಟ್ಟ ಮೇಲೆ ಅವರು ನನ್ನತ್ತ ತಿರುಗಿ, “ಆ ಫೋನಿನ ಹುಡುಗಿ ಒಳ್ಳೆಯವಳು ಕಣೋ. ಯಾರ ಮನೆಯವಳು?” ಎಂದು ಕೇಳಿದರು. ಸೆಪ್ಟೆಂಬರಿಗಲ್ಲ ಅಮ್ಮಾ, ಈಗ ಬಾ.